ಏಳು ಹೊಲಿಗೆ

ಮಾತಾಡಕೂಡದು, ಉಗುಳಕೂಡದು,
ಸ್ಟ್ರಾ ಹಾಕಿ ಹೀರಕೂಡದು, ಬಿಸಿ ಕೂಡದು,
ತುಟಿ ಎತ್ತಿ ನೋಡಲೇಕೂಡದು ಅಂದಿದ್ದಾಳೆ ಡಾಕ್ಟರು ಫೆರ್ಝಾನ್.
ಮಗಳ ವಯಸ್ಸಿನವಳು; ಗದರುವುದು ಮಾತ್ರ
ಥೇಟು ಅತ್ತೆಯ ಹಾಗೆ.

ಎರಡು ದಿಂಬಿಗೆ ಒರಗಿ ಕೂತಿದ್ದೇನೆ.
ಕೆನ್ನೆಗೆ ಫ್ರಿಜ್ಜಿನ ಬಟಾಣಿ ಪೊಟ್ಟಣ, ಟವೆಲಿನಲ್ಲಿ ಸುತ್ತಿದ್ದು,
ಹತ್ತು ನಿಮಿಷ ಇಟ್ಟು, ಹತ್ತು ನಿಮಿಷ ಬಿಟ್ಟು.
ಮೂರು ಸಲ ಕರಗಿ ಮೂರು ಸಲ ಹೆಪ್ಪುಗಟ್ಟಿದ ಇದನ್ನು
ಇನ್ನು ಬೇಯಿಸುವ ಹಾಗಿಲ್ಲ.

ಹೊರಗೆ ತೆಂಕಣ ಗಾಳಿ. ಕೊಲ್ಲಿಯ ದೋಣಿಗಳೆಲ್ಲ ಬಂದ್.
ಈ ಗಾಳಿ ಬೀಸಿದರೆ ಇಜ್ಮಿರಿಗೆ ಇಜ್ಮಿರೇ ತಲೆ ಹಿಡಿದು ಕೂರುತ್ತದೆ,
ನನ್ನ ನೋವನ್ನು ಯಾರು ವಿಚಾರಿಸಬೇಕು.

ಬಾಲ್ಕನಿಯಿಂದ ಬುಟ್ಟಿ ಇಳಿಬಿಡುತ್ತೇನೆ, ಹಗ್ಗ ಹಿಡಿದು.
ಒಳಗೆ ಚೀಟಿ: ಮೊಸರು, ಎರಡು ಬಾಳೆಹಣ್ಣು.
ಕೆಳಗಿನ ಅಂಗಡಿಯ ಹುಡುಗ ತಾಯ್ಲಾನ್
ಕೇಳದಿದ್ದರೂ ಒಂದು ಪೊಟ್ಟಣ ಹುರಿಗಡಲೆ ಇಟ್ಟು ಕಳಿಸುತ್ತಾನೆ, ಇನ್ನೂ ಬೆಚ್ಚಗೆ.
ದಿನಾ ಕೊಳ್ಳುತ್ತಿದ್ದೆನಲ್ಲ.
ಮೂಗಿಗೆ ಹಿಡಿದೆ. ಡಬ್ಬಿಗೆ ಸುರಿದು ಮುಚ್ಚಳ ಬಿಗಿದೆ.
ಕಡಲೆ ಬಂತು. ಹಲ್ಲು ಬರಲು ನಾಲ್ಕು ತಿಂಗಳು.

ಕನ್ನಡಿಯಲ್ಲಿ ನೋಡಿಯೇಬಿಟ್ಟೆ.
ಏಳು ಹೊಲಿಗೆ, ಕಪ್ಪು ನೂಲು.
ಅಂತರ ಸಮ, ಗಂಟು ಬಿಗಿ, ಬಾಲ ಮಾತ್ರ ಉದ್ದ.
ನನ್ನ ಕೈಕೆಳಗೆ ಕಲಿತಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ.
ಆದರೂ ಒದ್ದೆ ಬಟ್ಟೆ, ಅದೂ ಜೀವವಿರುವ ಬಟ್ಟೆ,
ಬೆರಳು ಆಡದ ಸಂದಿಯಲ್ಲಿ.
ಪರವಾಗಿಲ್ಲ ಹುಡುಗಿ.

ಹೋದ ಹಲ್ಲಿನ ತುದಿಯಲ್ಲಿ ಒಂದು ಕಚ್ಚು ಇತ್ತು.
ನಲವತ್ತು ವರ್ಷ ನೂಲು ಕಡಿದು ಕಡಿದು
ನೂಲೇ ಕೊರೆದ ದಾರಿ, ಬಾವಿಕಟ್ಟೆಯ ಕಲ್ಲಿಗೆ ಹಗ್ಗ ಕೊರೆದಂತೆ.
ಕತ್ತರಿ ಹುಡುಕುವ ಪುರುಸೊತ್ತು ಯಾರಿಗಿತ್ತು?
ಕೂಲಿ ಅಂಗಿಯ ಲೆಕ್ಕಕ್ಕೆ, ಗಂಟೆಯ ಲೆಕ್ಕಕ್ಕಲ್ಲ.
ಕತ್ತಲಲ್ಲೂ ನಾಲಿಗೆಗೆ ಆ ಜಾಗ ಗೊತ್ತಿತ್ತು.
ಈಗಲೂ ಹೋಗುತ್ತದೆ, ತಡವುತ್ತದೆ,
ವಿಳಾಸ ತಪ್ಪಿದವರ ಹಾಗೆ ವಾಪಸು ಬರುತ್ತದೆ.

ನೂಲಿನಿಂದಲ್ಲ, ನಿದ್ದೆಯಲ್ಲಿ ಮುರಿದದ್ದು ಎಂದಳು ಫೆರ್ಝಾನ್
ಎಕ್ಸ್‌ರೇ ಬೆಳಕಿಗೆ ಹಿಡಿದು.
ರಾತ್ರಿಯಿಡೀ ಕಟಕಟ ಅರೆಯುತ್ತೀರಿ. ಯಾರ ಮೇಲೆ ಸಿಟ್ಟು?
ನಕ್ಕು ಸುಮ್ಮನಾದೆ.
ಕಾರ್ಖಾನೆಗೆ ಬೀಗ ಬಿದ್ದ ದಿನ
ಹತ್ತೊಂಬತ್ತು ಹೆಂಗಸರ ಮೂರು ತಿಂಗಳ ಸಂಬಳ ಒಳಗೇ ಉಳಿಯಿತು.
ಮಾಲೀಕ ಸಮುದ್ರದ ದಂಡೆಗೆ ಹೋಟೆಲು ಕಟ್ಟಿದ,
ಅದರ ಪರದೆಗಳ ಹೊಲಿಗೆ ಕೆಟ್ಟದಾಗಿದೆಯಂತೆ.
ಹಲ್ಲು ಕಚ್ಚಿಕೊಂಡು ಇರು ಅಂದಿದ್ದರು ಎಲ್ಲರೂ.
ಇದ್ದೆ. ಹನ್ನೊಂದು ವರ್ಷ. ನಿದ್ದೆಯಲ್ಲೂ.

ಈಗ ಕಚ್ಚುವಂತಿಲ್ಲ.
ಮತ್ತೆ ಹೇಗೆ ಸಹಿಸುವುದೆಂದು ಚೀಟಿಯಲ್ಲಿ ಬರೆದಿಲ್ಲ;
ಮಾತ್ರೆ, ದಿನಕ್ಕೆ ಮೂರು, ಊಟದ ನಂತರ.

ನಾಲ್ಕನೇ ರಾತ್ರಿ ನಿದ್ದೆ ಹತ್ತದೆ
ಪಕ್ಕದ ಮನೆಯ ಮುರುವ್ವೆತ್ ಕೊಟ್ಟುಹೋಗಿದ್ದ
ಮೊಮ್ಮಗನ ಕೋಟಿಗೆ ಗುಂಡಿ ಹೊಲಿದೆ.
ಕೊನೆಯ ಗಂಟು ಹಾಕಿ ಬಿಗಿದೆ,
ನೂಲು ತಾನಾಗಿ ತುಟಿಯವರೆಗೆ ಬಂತು.
ಅಲ್ಲೇ ನಿಂತಿತು.
ಊದಿದ ತುಟಿ, ಬಿಗಿದ ನೂಲು.
ಗಾಳಿಗೆ ಖಾಲಿ ಬುಟ್ಟಿ ಗೋಡೆಗೆ ಬಡಿಯುತ್ತಿತ್ತು.
ಕತ್ತರಿ ಎಲ್ಲಿಟ್ಟಿದ್ದೇನೋ ನೆನಪಾಗಲಿಲ್ಲ,
ಕೋಟು ಹಾಗೇ ಮಡಚಿಟ್ಟೆ, ಸೂಜಿ ನೇತಾಡುತ್ತ.

ಬೆಳಿಗ್ಗೆ ಮುರುವ್ವೆತ್ ಬಂದಳು, ಸೋಸಿ ಆರಿಸಿದ ಬೇಳೆ ಸೂಪು ಹಿಡಿದು.
ಕಳೆದದ್ದಾಗಲಿ ನೆಝಿಹೆ, ಎಂದಳು.
ಅವಳೂ ಆ ಹತ್ತೊಂಬತ್ತರಲ್ಲಿ ಒಬ್ಬಳು.
ಕೋಟು ನೋಡಿದಳು, ಸೂಜಿ ನೋಡಿದಳು, ನನ್ನ ಮುಖ ನೋಡಿದಳು.
ಏನೂ ಕೇಳದೆ ಬಗ್ಗಿ
ಎಪ್ಪತ್ತರ ಹಲ್ಲಿನಲ್ಲಿ ಕಟಕ್ಕನೆ ಕಡಿದಳು.
ಅವಳದರಲ್ಲೂ ಕಚ್ಚು ಇದೆ, ತುಸು ಎಡಕ್ಕೆ;
ಇಷ್ಟು ವರ್ಷ ನಾನು ನೋಡಿರಲಿಲ್ಲ.

ನಗಕೂಡದು ಎಂದು ಡಾಕ್ಟರು ಹೇಳಿರಲಿಲ್ಲ.
ಹೇಳಬೇಕಿತ್ತು. ಏಳರಲ್ಲಿ ಒಂದು
ಚುರುಕ್ ಎಂದು ಎಳೆಯಿತು.